‘ಸ್ಥಳೀಯ ಭಾಷೆಯಲ್ಲಿ ಮಾತು’: ಬಾಕ್ಸಿಂಗ್ ಸಾಕ್ಷ್ಯಚಿತ್ರ ಮಾಡುವವರಿಗೆ, ದುಡ್ಡು ಹಾಕುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಪರದೆಯ ಕೆಳಗೆ ಓಡುವ ಅಕ್ಷರ ಬರೆಯುವವಳು. ಸಬ್‌ಟೈಟಲ್ ಕೆಲಸ. ಆಗಾಗ ಡಬ್ಬಿಂಗ್‌ಗೂ ಬರೆಯುತ್ತೇನೆ. ನಮ್ಮ ಹೆಸರು ಕೊಟ್ಟಕೊನೆಯಲ್ಲಿ ಬರುತ್ತದೆ, ಅದೂ ಬಂದರೆ. ಅಷ್ಟರಲ್ಲಿ ನೋಡುವವರು ಮುಂದಿನ ಕಂತಿಗೆ ಹೋಗಿರುತ್ತಾರೆ. ಅದಕ್ಕೇನೂ ಬೇಜಾರಿಲ್ಲ. ಬೇಜಾರಾದದ್ದು ಬೇರೆ ವಿಷಯಕ್ಕೆ.

ಕೆಲವು ವರ್ಷಗಳ ಹಿಂದೆ ಹೆಣ್ಣುಮಕ್ಕಳ ಬಾಕ್ಸಿಂಗ್ ಬಗ್ಗೆ ಒಂದು ಸಾಕ್ಷ್ಯಚಿತ್ರ ನನ್ನ ಕೈಗೆ ಬಂತು. ಕನ್ನಡ ಮಾಡಿಕೊಡಬೇಕಿತ್ತು. ವಿಡಿಯೊ ಜೊತೆ ಇಂಗ್ಲಿಷ್ ಸ್ಕ್ರಿಪ್ಟ್ ಕಳಿಸಿದ್ದರು. ಒಂದು ದೃಶ್ಯ ಮಣಿಪುರದ ಒಂದು ಮನೆಯಲ್ಲಿ ನಡೆಯುತ್ತದೆ. ಬಾಕ್ಸರ್ ಹುಡುಗಿಯ ತಾಯಿ ಒಲೆಯ ಮುಂದೆ ಕೂತು ಮಾತಾಡುತ್ತಾರೆ. ಸುಮಾರು ಒಂದೂವರೆ ನಿಮಿಷ. ನಡುವೆ ಕೈ ಎತ್ತಿ ಒಲೆಯ ಮೇಲೆ ಏನನ್ನೋ ತೋರಿಸುತ್ತಾರೆ. ಸೆರಗು ಬಾಯಿಗೆ ಹಿಡಿದು ನಗುತ್ತಾರೆ. ಕ್ಯಾಮೆರಾ ಹಿಂದೆ ಇರುವ ಯಾರೋ ಜೊತೆಗೆ ನಕ್ಕಿದ್ದೂ ಕೇಳುತ್ತದೆ.

ಸ್ಕ್ರಿಪ್ಟ್‌ನಲ್ಲಿ ಆ ಒಂದೂವರೆ ನಿಮಿಷಕ್ಕೆ ಇದ್ದದ್ದು ಒಂದೇ ಸಾಲು: ‘ಸ್ಥಳೀಯ ಭಾಷೆಯಲ್ಲಿ ಮಾತು’.

ಅದರ ಮೇಲೆ ನಿರೂಪಕರ ದನಿ. ಮುಖಕ್ಕೆ ಪೆಟ್ಟು ಬಿದ್ದರೆ ಮಗಳ ಮದುವೆ ಕಷ್ಟವಾಗುತ್ತದೆ ಎಂದು ಈ ತಾಯಿಗೆ ಚಿಂತೆಯಿತ್ತು, ಅಂತ ಅವರು ಹೇಳುತ್ತಾರೆ. ಮದುವೆಯ ಚಿಂತೆ ಹೇಳಿಕೊಂಡು ಯಾರಾದರೂ ಹಾಗೆ ನಗುತ್ತಾರಾ? ನಾನು ಕೆಲಸ ಕೊಟ್ಟವರಿಗೆ ಮೇಲ್ ಬರೆದೆ. ಆ ಅಮ್ಮ ನಿಜವಾಗಿ ಏನು ಹೇಳುತ್ತಿದ್ದಾರೆ, ಯಾರಾದರೂ ಅನುವಾದ ಮಾಡಿಸಿದ್ದೀರಾ ಅಂತ. ನಿರೂಪಣೆ ಇದೆಯಲ್ಲ, ಅದನ್ನು ಕನ್ನಡ ಮಾಡಿ ಸಾಕು ಅಂತ ಉತ್ತರ ಬಂತು. ಮಾಡಿ ಕಳಿಸಿದೆ. ಬಿಲ್ಲೂ ಪಾಸಾಯಿತು.

ಇದು ಒಂದು ಸಂಸ್ಥೆಯ ತಪ್ಪು ಅಂತ ಹೇಳೋಕೆ ಪತ್ರ ಬರೆಯುತ್ತಿಲ್ಲ. ಇದು ನಮಗೆ ಹಳೇ ಅಭ್ಯಾಸ. ನನ್ನ ವಯಸ್ಸಿನವರು ಟೆಂಟ್ ಸಿನಿಮಾದಲ್ಲಿ ಪಿಕ್ಚರ್ ಶುರುವಾಗುವ ಮುಂಚೆ ಸರ್ಕಾರದ ಫಿಲ್ಮ್ಸ್ ಡಿವಿಷನ್‌ನವರ ರೀಲು ನೋಡಿದವರು. ಪ್ರವಾಹ ಬಂತು, ಅಣೆಕಟ್ಟು ಕಟ್ಟಿದರು, ನಾಗಾ ಜನ ಕುಣಿದರು. ಎಲ್ಲದಕ್ಕೂ ಒಂದೇ ಗಂಡಸಿನ ಗಟ್ಟಿ ದನಿ, ಅಚ್ಚುಕಟ್ಟಾದ ಕನ್ನಡದಲ್ಲಿ. ಪರದೆಯ ಮೇಲಿದ್ದವರು ಬಾಯಿ ಆಡಿಸುತ್ತಿದ್ದರು, ನಮಗೆ ಕೇಳುತ್ತಿದ್ದದ್ದು ಆ ದನಿ. ಕಡಲೆಕಾಯಿ ತಿನ್ನುತ್ತಾ ನೋಡುತ್ತಿದ್ದ ನಮಗೆ ಅದು ವಿಚಿತ್ರ ಅನ್ನಿಸಲೇ ಇಲ್ಲ. ನಾಗಾಗಳಿಗೂ ಮಾತು ಬರುತ್ತೆ ಅನ್ನೋದು ನನಗೆ ಎಷ್ಟೋ ವರ್ಷ ಹೊಳೆದಿರಲಿಲ್ಲ. 2022ರಲ್ಲಿ ಫಿಲ್ಮ್ಸ್ ಡಿವಿಷನ್ ಎನ್‌ಎಫ್‌ಡಿಸಿಯೊಳಗೆ, ಅಂದರೆ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ ಸೇರಿಹೋಯಿತು. ಆ ದನಿ ಮಾತ್ರ ಎಲ್ಲೂ ಹೋಗಿಲ್ಲ. ಈಗ ಅದು ಒಟಿಟಿಯಲ್ಲಿ ಇಂಗ್ಲಿಷ್ ಮಾತಾಡುತ್ತದೆ. ಹಿನ್ನೆಲೆಗೆ ಡ್ರಮ್ಸ್ ಇರುತ್ತದೆ.

‘ಸ್ಥಳೀಯ ಭಾಷೆ’ ಅಂದರೆ ಯಾವುದು? ಕೊಡಗಿನ ಒಬ್ಬ ಅಜ್ಜಿ ಕೊಡವದಲ್ಲಿ ಮಾತಾಡಿದರೆ, ಮಂಗಳೂರಿನ ಮೀನುಗಾರ ತುಳುವಿನಲ್ಲಿ ಬೈದರೆ, ಬೀದರ್‌ನ ಹುಡುಗ ದಖ್ಖನಿಯಲ್ಲಿ ಜೋಕ್ ಹೇಳಿದರೆ, ಎಲ್ಲದಕ್ಕೂ ಅದೇ ಎರಡು ಪದ ಬರೆದು ಕೈ ತೊಳೆದುಕೊಂಡರೆ ನಾವು ಸುಮ್ಮನಿರುತ್ತೇವಾ? ದೆಹಲಿಯಲ್ಲಿ ‘ಮದ್ರಾಸಿ’ ಅನ್ನಿಸಿಕೊಂಡು ಉರಿದುಕೊಂಡವರು ನಾವು. ಮಣಿಪುರಕ್ಕೆ ಬಂದಾಗ ನಾವೇ ‘ಈಶಾನ್ಯದ ಹುಡುಗಿ’ ಅಂತ ಬರೆದು ಮುಗಿಸುತ್ತೇವೆ.

ಮಣಿಪುರದ ಬಾಕ್ಸರ್ ಡಿಂಕೊ ಸಿಂಗ್ 1998ರಲ್ಲಿ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದರು. ಅವರು ಮೈತೇಯಿ. ಇನ್ನೊಬ್ಬ ಬಾಕ್ಸರ್ ಸರಿತಾ ದೇವಿಯೂ ಮೈತೇಯಿ. ಅವರ ಭಾಷೆ ಮೈತೇಯಿಲೊನ್, ಸರ್ಕಾರಿ ಕಾಗದದಲ್ಲಿ ಮಣಿಪುರಿ. 1992ರಲ್ಲಿ ನಮ್ಮ ಕೊಂಕಣಿ ಸಂವಿಧಾನದ ಎಂಟನೇ ಅನುಸೂಚಿಗೆ ಸೇರಿದ ತಿದ್ದುಪಡಿಯಲ್ಲೇ ಅದೂ ಸೇರಿತು. ಮೇರಿ ಕೋಮ್ ಕತೆಯೇ ಬೇರೆ. ಮಾಂಗ್ಟೆ ಚುಂಗ್ನೈಜಾಂಗ್ ಮೇರಿ ಕೋಮ್ ಅನ್ನುವ ಹೆಸರಿನಲ್ಲಿ ‘ಕೋಮ್’ ಅನ್ನುವುದು ಒಂದು ಬುಡಕಟ್ಟಿನ ಹೆಸರು. ಬಹಳ ಚಿಕ್ಕ ಸಮುದಾಯ, ಅವರದೇ ಭಾಷೆ ಇದೆ. ಮೇರಿಯ ಊರು ಕಾಂಗಾಥೈ, ಚುರಾಚಾಂದ್‌ಪುರ ಜಿಲ್ಲೆಯಲ್ಲಿ. 2023ರ ಮೇ ತಿಂಗಳಲ್ಲಿ ಮೈತೇಯಿ ಮತ್ತು ಕುಕಿ ಸಮುದಾಯಗಳ ನಡುವೆ ಹಿಂಸೆ ಶುರುವಾದಾಗ, ನನ್ನ ರಾಜ್ಯ ಉರಿಯುತ್ತಿದೆ, ಸಹಾಯ ಮಾಡಿ ಅಂತ ಪ್ರಧಾನಿಗೆ ಟ್ವೀಟ್ ಮಾಡಿದವರು ಇದೇ ಮೇರಿ. ಕೆಲವು ತಿಂಗಳ ಮೇಲೆ ಗೃಹ ಸಚಿವರಿಗೂ ಬರೆದರು. ಎರಡು ಸಮುದಾಯಗಳ ಮಧ್ಯೆ ಸಿಕ್ಕಿಕೊಂಡಿರುವ ಕೋಮ್ ಹಳ್ಳಿಗಳನ್ನು ಕಾಪಾಡಿ ಅಂತ.

ಹೀಗಿರುವಾಗ ‘ಮಣಿಪುರಿ ಬಾಕ್ಸರ್‌ಗಳು’ ಅಂತ ಮೂವರನ್ನೂ ಒಂದೇ ಬುಟ್ಟಿಗೆ ಹಾಕಿ ಬೆಟ್ಟ, ಮಂಜು, ಕೊಳಲು ತೋರಿಸಿಬಿಟ್ಟರೆ ಅದನ್ನು ವೈವಿಧ್ಯ ಅಂತ ಹೇಗೆ ಕರೆಯೋಣ? ಪೋಸ್ಟರ್‌ನಲ್ಲಿ ಮುಖ ಇದೆ, ಅಷ್ಟೇ.

ಬಾಕ್ಸಿಂಗ್ ಸಾಕ್ಷ್ಯಚಿತ್ರ ಅಂದರೆ ಸಾಮಾನ್ಯವಾಗಿ ಮೊದಲು ನೆನಪಾಗುವುದು ಲಿಯಾನ್ ಗ್ಯಾಸ್ಟ್ ಅವರ ‘ವೆನ್ ವಿ ವರ್ ಕಿಂಗ್ಸ್’. 1974ರ ಅಕ್ಟೋಬರ್ 30ರಂದು ಆಗಿನ ಜೈರ್ ದೇಶದ, ಈಗಿನ ಕಾಂಗೊದ, ಕಿನ್ಶಾಸಾದಲ್ಲಿ ನಡೆದ ಮುಹಮ್ಮದ್ ಅಲಿ, ಜಾರ್ಜ್ ಫೋರ್‌ಮನ್ ಹಣಾಹಣಿಯ ಕತೆ. ಚಿತ್ರ ಮುಗಿದು ಹೊರಗೆ ಬರೋಕೆ ಇಪ್ಪತ್ತಕ್ಕಿಂತ ಜಾಸ್ತಿ ವರ್ಷ ಹಿಡಿಯಿತು. ಆಸ್ಕರ್ ಕೂಡ ಬಂತು. ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಅಲಿ ಮಾತಾಡಲು ಶುರುಮಾಡಿದರೆ ಪಾಸ್ ಒತ್ತೋಕೆ ಮನಸ್ಸು ಬರಲ್ಲ. ಗಾಯಕಿ ಮಿರಿಯಂ ಮಕೇಬಾ ಹಾಡುವ ಭಾಗದಲ್ಲಿ ಮೈ ಜುಮ್ಮೆನ್ನುತ್ತದೆ.

ಆದರೆ ಒಂದು ಸಲ ಬರೀ ಯಾರು ವಿವರಿಸುತ್ತಿದ್ದಾರೆ ಅನ್ನುವುದನ್ನು ನೋಡೋಣ ಅಂತ ಕೂತೆ. ಕುರ್ಚಿಯಲ್ಲಿ ಕೂತು ನಮಗೆ ಅರ್ಥ ಹೇಳುವವರಲ್ಲಿ ಮುಖ್ಯರು ನಾರ್ಮನ್ ಮೇಲರ್ ಮತ್ತು ಜಾರ್ಜ್ ಪ್ಲಿಂಪ್ಟನ್. ಇಬ್ಬರೂ ಅಮೆರಿಕದ ಬಿಳಿಯ ಲೇಖಕರು. ಇಬ್ಬರೂ ಆವತ್ತು ಅಲ್ಲಿದ್ದವರು, ಸೊಗಸಾಗಿ ಮಾತಾಡುವವರು, ಅದರಲ್ಲಿ ಅನುಮಾನವಿಲ್ಲ. ನಿರ್ದೇಶಕ ಸ್ಪೈಕ್ ಲೀ ಇದ್ದಾರೆ. ಆಫ್ರಿಕದವರಾದ ಮಾಲಿಕ್ ಬೊವೆನ್ಸ್ ಇದ್ದಾರೆ, ಸ್ವಲ್ಪ ಹೊತ್ತು. ಫೋರ್‌ಮನ್ ಹಳೇ ತುಣುಕುಗಳಲ್ಲಿ ಮಾತ್ರ. ಆ ರಾತ್ರಿ ಸೋತವನಿಗೆ ಇಪ್ಪತ್ತು ವರ್ಷದ ಮೇಲೆ ಏನನ್ನಿಸುತ್ತದೆ ಅಂತ ಚಿತ್ರ ಕೇಳಲೇ ಇಲ್ಲ. ಇನ್ನು ಕಿನ್ಶಾಸಾದ ಜನ? ಅವರು ಕೂಗುತ್ತಾರೆ. ‘ಅಲಿ, ಬೊಮಾಯೆ’. ಅಲಿ, ಅವನನ್ನು ಕೊಲ್ಲು ಅಂತ, ಲಿಂಗಾಲ ಭಾಷೆಯಲ್ಲಿ. ಇಡೀ ಊರಿನ ಪಾಲಿಗೆ ಉಳಿದ ಮಾತು ಹೆಚ್ಚುಕಮ್ಮಿ ಅದೊಂದೇ. ಅಲ್ಲಿನ ಸರ್ವಾಧಿಕಾರಿ ಮೊಬುಟು ಆಳ್ವಿಕೆಯಲ್ಲಿ ಅಷ್ಟೊಂದು ದುಡ್ಡು ಸುರಿದು ಆ ಪಂದ್ಯ ಮಾಡಿಸಿದಾಗ, ಸ್ಟೇಡಿಯಂ ಪಕ್ಕದ ಬೀದಿಯಲ್ಲಿ ಅಂಗಡಿ ಇಟ್ಟುಕೊಂಡಿದ್ದವನಿಗೆ ಏನನ್ನಿಸಿತ್ತು? ಕಪ್ಪು ಜನರ ಹೆಮ್ಮೆಯ ಚಿತ್ರ ಅಂತಲೇ ಅದಕ್ಕೆ ಹೆಸರು. ಹೆಮ್ಮೆ ನಿಜ. ಆದರೆ ಆ ಹೆಮ್ಮೆಯ ಅರ್ಥ ಬಿಡಿಸಿ ಹೇಳುವ ಕೆಲಸ ಬೇರೆಯವರಿಗೆ ಹೋಗಿದೆ.

ಇಂಥ ಪ್ರಶ್ನೆ ಕೇಳಿದವಳು ನಾನೇ ಮೊದಲಲ್ಲ. 2021ರಲ್ಲಿ ಅಮೆರಿಕದಲ್ಲಿ ಸುಮಾರು 140 ಸಾಕ್ಷ್ಯಚಿತ್ರಕಾರರು ಅಲ್ಲಿನ ಸಾರ್ವಜನಿಕ ಟಿವಿ ಪಿಬಿಎಸ್‌ಗೆ ಪತ್ರ ಬರೆದರು. ಕೆನ್ ಬರ್ನ್ಸ್ ಎಂಬ ಒಬ್ಬ ಬಿಳಿಯ ನಿರ್ದೇಶಕರಿಗೆ ದಶಕಗಳಿಂದ ಇಷ್ಟೊಂದು ಗಂಟೆ, ಇಷ್ಟೊಂದು ದುಡ್ಡು ಕೊಡುತ್ತಾ ಬಂದಿದ್ದೀರಿ, ಉಳಿದವರಿಗೆ ಎಷ್ಟು ಕೊಟ್ಟಿದ್ದೀರಿ ಅಂತ ಕೇಳಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅದೇ ಬರ್ನ್ಸ್ ತಮ್ಮ ಮಗಳು ಮತ್ತು ಅಳಿಯನ ಜೊತೆ ಮಾಡಿದ ನಾಲ್ಕು ಕಂತಿನ ಸರಣಿ ಬಂತು. ವಿಷಯ, ಮುಹಮ್ಮದ್ ಅಲಿ. ಸರಣಿ ಚೆನ್ನಾಗಿಯೇ ಇದೆ, ಅದು ಬೇರೆ ಮಾತು. ಪತ್ರ ಬರೆದವರ ಪ್ರಶ್ನೆ ಇದ್ದದ್ದು ಚೆಕ್ ಯಾರ ಹೆಸರಿಗೆ ಹೋಗುತ್ತದೆ ಅನ್ನುವುದರ ಬಗ್ಗೆ.

ನಮ್ಮಲ್ಲಿ ಈ ಮಾತು ಬಂದರೆ ಎಲ್ಲರೂ 2014ರ ‘ಮೇರಿ ಕೋಮ್’ ಸಿನಿಮಾ ಎತ್ತುತ್ತಾರೆ. ಪ್ರಿಯಾಂಕಾ ಚೋಪ್ರಾ ಪಾತ್ರ ಮಾಡಿದ್ದು, ಮಣಿಪುರದವರೇ ಆದ ಲಿನ್ ಲೈಶ್ರಾಮ್ ಅದೇ ಸಿನಿಮಾದಲ್ಲಿ ಸಣ್ಣ ಪಾತ್ರಕ್ಕೆ ನಿಂತದ್ದು, ಹಿಂದಿ ಸಿನಿಮಾಗಳ ಮೇಲಿನ ನಿಷೇಧದಿಂದ ಆ ಚಿತ್ರ ಮಣಿಪುರದ ಥಿಯೇಟರಿಗೇ ಹೋಗದೆ ಇದ್ದದ್ದು. ಸ್ಟಾರ್ ಇಲ್ಲದಿದ್ರೆ ಯಾರು ನೋಡ್ತಾರೆ ಅಂತ ವಾದ. ಸಿನಿಮಾ ವ್ಯಾಪಾರದಲ್ಲಿ ಅದಕ್ಕೆ ಒಂದು ಲೆಕ್ಕ ಇರಬಹುದು. ಸಾಕ್ಷ್ಯಚಿತ್ರ ಮಾಡುವವರು ನಾವು ಹಾಗಲ್ಲ, ನಮ್ಮಲ್ಲಿ ನಿಜವಾದ ಜನ ಇರುತ್ತಾರೆ ಅಂತ ಎದೆ ತಟ್ಟಿಕೊಳ್ಳುತ್ತೀರಲ್ಲ, ಅಲ್ಲೇ ನನಗೆ ಅನುಮಾನ. ನಿಮ್ಮಲ್ಲೂ ಪಾತ್ರ ಹಂಚಿಕೆ ನಡೆಯುತ್ತದೆ. ಒಬ್ಬಳು ಬಡತನ, ಒಬ್ಬಳು ಧರ್ಮ, ಒಬ್ಬಳು ಮಕ್ಕಳಿರುವ ತಾಯಿ. ಅವರು ನಿಮ್ಮ ಪಾತ್ರ ಬಿಟ್ಟು ಬೇರೇನಾದರೂ ಮಾತಾಡಿದರೆ ಎಡಿಟಿಂಗ್ ಟೇಬಲ್ ಮೇಲೆ ಕತ್ತರಿಗೆ ಹೋಗುತ್ತದೆ.

ನಿಖತ್ ಜರೀನ್ ವಿಷಯ ತಗೊಳ್ಳಿ. ನಿಜಾಮಾಬಾದಿನ ಹುಡುಗಿ. 2022ರಲ್ಲಿ ಇಸ್ತಾಂಬುಲ್‌ನಲ್ಲಿ, 2023ರಲ್ಲಿ ದೆಹಲಿಯಲ್ಲಿ ವಿಶ್ವ ಚಾಂಪಿಯನ್. ಅವರನ್ನು ಮಾತಾಡಿಸುವವರು ಎಷ್ಟೋ ಜನ ಚಡ್ಡಿ ಮತ್ತು ಬುರ್ಖಾದ ಸುತ್ತಲೇ ಗಿರಕಿ ಹೊಡೆಯುತ್ತಾರೆ. ನೆಂಟರು ಏನಂದರು, ಅಪ್ಪ ಹೇಗೆ ಒಪ್ಪಿದರು. ಅದೂ ಕತೆಯ ಭಾಗವೇ, ಇಲ್ಲ ಅನ್ನಲ್ಲ. ಆದರೆ ರಿಂಗ್‌ನಲ್ಲಿ ದೂರ ಹೇಗೆ ಅಳೆಯುತ್ತೀರಿ, ಎದುರಾಳಿ ಉದ್ದ ಕೈಯವಳಾದರೆ ಕಾಲು ಹೇಗಿಡುತ್ತೀರಿ, ತೂಕ ಇಳಿಸುವಾಗ ಕೊನೇ ರಾತ್ರಿ ಏನಾಗುತ್ತೆ, ಇದನ್ನು ಎಷ್ಟು ಜನ ಕೇಳುತ್ತಾರೆ? ಹರಿಯಾಣದ ಭಿವಾನಿಯಿಂದ ಬಂದ ಗಂಡು ಬಾಕ್ಸರ್‌ಗೆ ಆ ಪ್ರಶ್ನೆ ಸಲೀಸಾಗಿ ಸಿಗುತ್ತದೆ. ಅವನು ಆಟಗಾರ. ನಿಖತ್ ಮೊದಲು ಮುಸ್ಲಿಂ ಹುಡುಗಿ, ಆಮೇಲೆ ಆಟಗಾರ್ತಿ.

ನನ್ನ ಪ್ರಕಾರ ಭಾರತದ ಬಾಕ್ಸಿಂಗ್‌ನಲ್ಲಿ ಸಾಕ್ಷ್ಯಚಿತ್ರಕ್ಕೆ ಹೇಳಿ ಮಾಡಿಸಿದ ದಿನ 2019ರ ಡಿಸೆಂಬರ್ 28. ಅದರ ಹಿಂದೆಯೂ ಒಂದು ಪತ್ರ ಇದೆ. ಒಲಿಂಪಿಕ್ ಅರ್ಹತಾ ಸುತ್ತಿಗೆ 51 ಕೆ.ಜಿ. ವಿಭಾಗದಲ್ಲಿ ಮೇರಿಯನ್ನು ಟ್ರಯಲ್ಸ್, ಅಂದರೆ ಆಯ್ಕೆ ಪಂದ್ಯ, ಇಲ್ಲದೆ ನೇರವಾಗಿ ಕಳಿಸುವ ಮಾತು ನಡೆದಿತ್ತು. ಅಕ್ಟೋಬರ್‌ನಲ್ಲಿ ನಿಖತ್ ಆಗಿನ ಕ್ರೀಡಾ ಸಚಿವ ಕಿರಣ್ ರಿಜಿಜು ಅವರಿಗೆ ಬಹಿರಂಗವಾಗಿ ಬರೆದರು. ನನಗೆ ಉಪಕಾರ ಬೇಡ, ನ್ಯಾಯವಾದ ಒಂದು ಅವಕಾಶ ಕೊಡಿ ಅನ್ನುವುದು ಅದರ ಸಾರ. ಕೊನೆಗೆ ದೆಹಲಿಯಲ್ಲಿ ಟ್ರಯಲ್ಸ್ ನಡೆಯಿತು. ಮೇರಿ 9–1ರಿಂದ ಗೆದ್ದರು. ಗೆದ್ದ ಮೇಲೆ ಕೈ ಕುಲುಕಲಿಲ್ಲ.

ಈಗ ಹೇಳಿ, ಇಲ್ಲಿ ನಾಯಕಿ ಯಾರು? ಒಂದು ಕಡೆ ಸಣ್ಣ ಬುಡಕಟ್ಟಿನಿಂದ ಬಂದು ಆರು ಸಲ ವಿಶ್ವ ಚಾಂಪಿಯನ್ ಆದ ತಾಯಿ. ಇನ್ನೊಂದು ಕಡೆ ಹದಿಮೂರು ವರ್ಷಕ್ಕಿಂತ ಜಾಸ್ತಿ ಚಿಕ್ಕವಳಾದ, ಬಾಗಿಲು ತಟ್ಟುತ್ತಿರುವ ಹುಡುಗಿ. ಇಬ್ಬರಲ್ಲಿ ಯಾರೂ ಪಾಪದವರಲ್ಲ, ಯಾರೂ ಖಳನಾಯಕಿಯಲ್ಲ. ಇಬ್ಬರಿಗೂ ಸಿಟ್ಟಿದೆ, ಹಟ ಇದೆ, ಇಬ್ಬರ ಮಾತಲ್ಲೂ ಹುರುಳಿದೆ. ‘ಸ್ಫೂರ್ತಿದಾಯಕ ಮಹಿಳೆ’ ಅಂತ ಹಾರ ಹಾಕಿ ಕೂರಿಸುವ ಚಿತ್ರಕ್ಕೆ ಈ ಜಗಳ ನುಂಗೋಕೂ ಆಗಲ್ಲ, ಉಗುಳೋಕೂ ಆಗಲ್ಲ. ಅಂಚಿನಿಂದ ಬಂದವರು ಪರಸ್ಪರ ಜಗಳ ಆಡಬಾರದು, ಯಾವಾಗಲೂ ನಮಗೆ ಸ್ಫೂರ್ತಿ ಕೊಡುತ್ತಿರಬೇಕು ಅಂತ ನಾವು ಕಾಯಿದೆ ಮಾಡಿಟ್ಟಿದ್ದೇವೆ. ಗಂಡಸರ ಜಗಳಕ್ಕಾದರೆ ಕಿನ್ಶಾಸಾವರೆಗೂ ಕ್ಯಾಮೆರಾ ಹೊತ್ತುಕೊಂಡು ಹೋಗುತ್ತಾರೆ.

ಹಾಗಂತ ಊರಿನವರೇ ಊರಿನ ಚಿತ್ರ ಮಾಡಬೇಕು, ಹೊರಗಿನವರು ಕಾಲಿಡಬಾರದು ಅಂತ ನಾನು ಹೇಳುತ್ತಿಲ್ಲ. ಚೆನ್ನೈನ ದಲಿತ ಬಾಕ್ಸರ್ ತುಳಸಿ ಬಗ್ಗೆ 2013ರಲ್ಲಿ ‘ಲೈಟ್ ಫ್ಲೈ, ಫ್ಲೈ ಹೈ’ ಬಂತು. ಮಾಡಿದವರು ನಾರ್ವೆಯ ಇಬ್ಬರು ಹೆಂಗಸರು. ಜಾತಿ, ಬಡತನ, ಮನೆ ಬಿಟ್ಟು ಬಂದ ಹುಡುಗಿಯ ಒಂಟಿತನ, ಬಾಕ್ಸಿಂಗ್ ಆಡಳಿತದಲ್ಲಿ ಇದ್ದವರ ವಿರುದ್ಧ ಅವಳು ಎತ್ತಿದ ಲೈಂಗಿಕ ಕಿರುಕುಳದ ದೂರು, ಎಲ್ಲ ಅದರಲ್ಲಿದೆ. ಅವಳ ಬಾಯಲ್ಲೇ ಇದೆ, ಸಿಡುಕು, ನಗು ಸಮೇತ. ಅವಳು ದೊಡ್ಡ ಪದಕ ಗೆದ್ದವಳಲ್ಲ. ಹಾಗಿದ್ದೂ ಕ್ಯಾಮೆರಾ ಅವಳ ಜೊತೆ ಉಳಿಯಿತು. ಹೊರಗಿನವರಾದರೂ ಅವರು ಕೂತು ಕೇಳಿಸಿಕೊಂಡಿದ್ದಾರೆ. ನನಗೆ ಚುಚ್ಚುವುದು ಇಷ್ಟು: ಚೆನ್ನೈ ನಮಗೆ ಒಂದು ರಾತ್ರಿಯ ರೈಲು. ಓಸ್ಲೋದಿಂದ ಬಂದವರಿಗೆ ಕಂಡ ಹುಡುಗಿ ನಮ್ಮ ಕಣ್ಣಿಗೆ ಯಾಕೆ ಬೀಳಲಿಲ್ಲ?

ಆದ್ದರಿಂದ ಪ್ರಸಾರ ಭಾರತಿಯವರೇ, ಎನ್‌ಎಫ್‌ಡಿಸಿಯವರೇ, ಒಟಿಟಿ ಕಂಪನಿಗಳವರೇ, ನಿಮ್ಮ ಹತ್ತಿರ ನನ್ನ ಬೇಡಿಕೆ ದೊಡ್ಡದೇನಲ್ಲ. ಬಜೆಟ್ ಹಾಕುವಾಗ ಡ್ರೋನ್‌ಗೆ ಒಂದು ಸಾಲು ಇರುತ್ತಲ್ಲ, ಅದರ ಪಕ್ಕದಲ್ಲೇ ಭಾಷೆಗೂ ಒಂದು ಸಾಲು ಇಡಿ. ಯಾರ ಮನೆಗೆ ಹೋಗುತ್ತೀರೋ ಆ ಮನೆಯ ಮಾತು ಗೊತ್ತಿರುವ ಒಬ್ಬರು ಶೂಟಿಂಗ್‌ನಲ್ಲೂ ಇರಲಿ, ಎಡಿಟಿಂಗ್‌ನಲ್ಲೂ ಇರಲಿ. ಬರೀ ದಾರಿ ತೋರಿಸೋಕೆ, ಟ್ಯಾಕ್ಸಿ ಮಾತಾಡೋಕೆ ಅಲ್ಲ. ಟೈಟಲ್‌ನಲ್ಲಿ ಅವರ ಹೆಸರು ಬರಲಿ. ನಮ್ಮಂಥವರಿಗೆ ಕನ್ನಡಕ್ಕೆ ಕೊಡುವಾಗ ಇಂಗ್ಲಿಷ್ ನಿರೂಪಣೆಯೊಂದನ್ನೇ ಕೊಡಬೇಡಿ, ಮೂಲದಲ್ಲಿ ಆಡಿದ ಮಾತಿನ ಅರ್ಥವನ್ನೂ ಕೊಡಿ. ಕೋಮ್, ಮೈತೇಯಿಲೊನ್, ಅಸ್ಸಾಮಿ, ಹರಿಯಾಣ್ವಿ, ದಖ್ಖನಿ, ಯಾವುದೋ ಅದರ ಹೆಸರು ಬರೆಯಿರಿ. ‘ಸ್ಥಳೀಯ ಭಾಷೆ’ ಅಂತ ಬರೆದ ಸ್ಕ್ರಿಪ್ಟ್ ಬಂದರೆ ವಾಪಸ್ ಕಳಿಸಿ. ಮತ್ತೆ, ಸಿದ್ಧವಾದ ಚಿತ್ರವನ್ನು ಚಿತ್ರೋತ್ಸವಗಳಿಗೆ ಒಯ್ಯುವ ಮುಂಚೆ ಆ ಮನೆಯವರಿಗೆ ಒಂದು ಸಲ ತೋರಿಸಿ. ಬೈದರೆ ಬೈಸಿಕೊಳ್ಳಿ.

ಇದೆಲ್ಲ ಕನ್ನಡದಲ್ಲಿ ನೋಡುವವರಿಗೆ ಯಾಕೆ ಬೇಕು ಅಂತ ಕೇಳಬಹುದು. 2012ರ ಆಗಸ್ಟ್ 8ರಂದು ಮೇರಿ ಕೋಮ್ ಲಂಡನ್‌ನಲ್ಲಿ ಸೆಮಿಫೈನಲ್ ಆಡಿದರು. ನಿಕೋಲಾ ಆಡಮ್ಸ್ ಎದುರು 11–6ರಿಂದ ಸೋತು ಕಂಚು ಗೆದ್ದರು. ಹೆಂಗಸರ ಬಾಕ್ಸಿಂಗ್ ಒಲಿಂಪಿಕ್ಸ್‌ಗೆ ಬಂದ ಮೊದಲ ವರ್ಷ ಅದು. ಬೆಂಗಳೂರಿನಲ್ಲೂ ಎಲ್ಲರ ಬಾಯಲ್ಲೂ ಮೇರಿ. ಸರಿಯಾಗಿ ಒಂದು ವಾರ. ಆಗಸ್ಟ್ 15ರ ರಾತ್ರಿ ಅದೇ ಬೆಂಗಳೂರಿನ ಸಿಟಿ ಸ್ಟೇಷನ್‌ನಲ್ಲಿ ಈಶಾನ್ಯದ ಸಾವಿರಾರು ಜನ ಗಂಟುಮೂಟೆ ಹೊತ್ತು ನಿಂತಿದ್ದರು. ಹಲ್ಲೆ ಆಗುತ್ತೆ ಅಂತ ಮೊಬೈಲ್‌ನಲ್ಲಿ ಹಬ್ಬಿದ ಸುಳ್ಳು ಸುದ್ದಿ. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು.

ನಮ್ಮ ಬೀದಿಯ ಬ್ಯೂಟಿ ಪಾರ್ಲರ್‌ನಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿಯೂ ಹೋದಳು. ಬಿಷ್ಣುಪುರ ಕಡೆಯವಳು, ಮೈತೇಯಿ. ಎರಡು ತಿಂಗಳ ಮೇಲೆ ವಾಪಸ್ ಬಂದಳು. ಬಂದ ದಿನ ಹುಬ್ಬು ತಿದ್ದಿಸಿಕೊಳ್ಳೋಕೆ ಕೂತಿದ್ದ ಒಬ್ಬರು ಅವಳನ್ನು ಕೇಳಿದ್ದು, “ಏನಮ್ಮಾ, ಮೇರಿ ಕೋಮ್ ನಿಮ್ಮೂರೋಳೇ ಅಲ್ವಾ?” ಅಂತ. ಯಾಕೆ ಹೋದೆ, ಹೇಗಿದ್ದೆ, ಯಾವುದೂ ಇಲ್ಲ. ಕೇಳಿದವರು ಕೆಟ್ಟವರೇನಲ್ಲ. ಅವರಿಗೆ ಆ ಕಡೆಯವರ ಬಗ್ಗೆ ಗೊತ್ತಿದ್ದ ಹೆಸರು ಅದೊಂದೇ. ನಾನೂ ಪಕ್ಕದ ಕುರ್ಚಿಯಲ್ಲೇ ಇದ್ದೆ, ನಾನೂ ಬೇರೇನೂ ಕೇಳಲಿಲ್ಲ.

ಈಗ ಅವಳದೇ ಒಂದು ಸಣ್ಣ ಪಾರ್ಲರ್ ಇದೆ. ಕನ್ನಡ ನನಗಿಂತ ಜೋರಾಗಿ ಮಾತಾಡುತ್ತಾಳೆ. ಆ ಒಲೆಯ ಮುಂದಿನ ದೃಶ್ಯ ನನ್ನ ತಲೆಯಿಂದ ಹೋಗದೆ ಇದ್ದಾಗ ಲ್ಯಾಪ್‌ಟಾಪ್ ತಗೊಂಡು ಅವಳ ಹತ್ತಿರ ಹೋದೆ. ನಿಯಮದ ಪ್ರಕಾರ ಹೊರಗಿನವರಿಗೆ ತೋರಿಸೋ ಹಾಗಿಲ್ಲ. ತೋರಿಸಿದೆ.

ಅವಳು ಹತ್ತು ಸೆಕೆಂಡಿಗೇ ನಗೋಕೆ ಶುರುಮಾಡಿದಳು. ಆ ತಾಯಿ ಮದುವೆಯ ಹೆಸರೇ ಎತ್ತಿಲ್ಲ. ಮಳೆಗಾಲದಲ್ಲಿ ಗ್ಲೌಸ್ ಒಣಗುವುದೇ ಇಲ್ಲ, ಅದಕ್ಕೆ ಒಲೆಯ ಮೇಲೆ ಮೀನು ಒಣಗಿಸುವ ಜಾಗದಲ್ಲೇ ಅದನ್ನೂ ಕಟ್ಟುತ್ತಿದ್ದೆ ಅಂತ ಕೈ ಎತ್ತಿ ತೋರಿಸುತ್ತಿದ್ದಾರೆ. ಒಂದು ಪಂದ್ಯದಲ್ಲಿ ಎದುರಾಳಿ ಹುಡುಗಿ, ಇವಳ ಗುದ್ದು ತಡಕೊಳ್ಳಬಹುದು, ಮೀನಿನ ವಾಸನೆ ತಡಕೊಳ್ಳೋಕಾಗಲ್ಲ ಅಂತ ಹೇಳಿಕೊಂಡು ಓಡಾಡಿದಳಂತೆ. ಮಗಳು ಮನೆಗೆ ಬಂದು ಅಮ್ಮನ ಜೊತೆ ಎರಡು ದಿನ ಮಾತು ಬಿಟ್ಟಳಂತೆ.

ನಾನು ಅಷ್ಟನ್ನೂ ಕನ್ನಡದಲ್ಲಿ ಬರೆದು, ಸಮಯಕ್ಕೆ ಸರಿಯಾಗಿ ಕೂರಿಸಿ, ತಿದ್ದಿದ ಫೈಲ್ ಕಳಿಸಿದೆ. ನಿರೂಪಣೆ ಒಂದು ಹೇಳುತ್ತೆ, ಅಕ್ಷರ ಒಂದು ಹೇಳುತ್ತೆ, ನೋಡುವವರಿಗೆ ಗೊಂದಲವಾಗುತ್ತೆ ಅಂತ ವಾಪಸ್ ಬಂತು. ಕನ್ನಡದಲ್ಲಿ ಅದನ್ನು ಹಾಕಿ ನೋಡಿದರೆ ಈಗಲೂ ಆ ತಾಯಿ ಒಲೆಯ ಮೇಲೆ ಕೈ ತೋರಿಸಿ ನಗುತ್ತಾರೆ, ನಿರೂಪಕರು ಮದುವೆಯ ಚಿಂತೆ ಹೇಳುತ್ತಾರೆ.

ಇಂತಿ,
ಒಬ್ಬ ಸಬ್‌ಟೈಟಲ್ ಬರಹಗಾರ್ತಿ
ಬೆಂಗಳೂರು